ರೋಟವೇಟರಿಗೆ ಸುತ್ತಿಕೊಂಡದ್ದನ್ನು ಬಿಡಿಸಲು ಪ್ರತಿ ಸಲ ಎಂಜಿನ್ ಆಫ್ ಮಾಡಲೇಬೇಕಾ?

ಪ್ರಶ್ನೆ: ನಮ್ಮದು ಕೋಲಾರದ ಕಡೆ ಟೊಮೆಟೊ ಬೆಳೆ. ಕಟಾವು ಮುಗಿದ ಮೇಲೆ ಟ್ರಾಕ್ಟರಿಗೆ ರೋಟವೇಟರ್ (ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ಯಂತ್ರ) ಕಟ್ಟಿ ಹೊಡೆಸುವಾಗ ಮಲ್ಚಿಂಗ್ ಶೀಟಿನ ಚೂರು, ಡ್ರಿಪ್ ಪೈಪು, ದಾರ ಎಲ್ಲ ಬ್ಲೇಡಿಗೆ ಸುತ್ತಿಕೊಳ್ಳುತ್ತವೆ. ಮೊನ್ನೆ ಬಿಡಿಸಲು ಬಗ್ಗಿದಾಗ ಹೆಗಲ ಮೇಲಿನ ಟವೆಲ್ ಶಾಫ್ಟಿಗೆ ಸಿಕ್ಕಿತು. ಹಳೇ ಟವೆಲ್, ಹರಿದುಹೋಯಿತು, ಉಳಿದುಕೊಂಡೆ. ಡ್ರೈವರ್ ಕ್ಲಚ್ ತುಳಿದೇ ಇದ್ದ. ಹತ್ತು ನಿಮಿಷಕ್ಕೊಮ್ಮೆ ಎಂಜಿನ್ ಆಫ್ ಮಾಡುತ್ತಾ ಕೂತರೆ ಕೆಲಸ ಸಾಗುತ್ತಾ?

ಉತ್ತರ: ಪ್ರತಿ ಸಲವೂ ಆಫ್ ಮಾಡಲೇಬೇಕು. ನೀವು ಉಳಿದುಕೊಂಡದ್ದು ದೊಡ್ಡ ಸಮಾಧಾನ. ಆದರೆ ಉಳಿಸಿದ್ದು ಆ ಬಟ್ಟೆಯ ಹಳೇತನ. ಹೊಸ ಪಾಲಿಯೆಸ್ಟರ್ ಲುಂಗಿಯೋ ಶಾಲೋ ಆಗಿದ್ದರೆ ಅಷ್ಟು ಸುಲಭವಾಗಿ ಹರಿಯುತ್ತಿರಲಿಲ್ಲ.

ಪಿಟಿಒ ಶಾಫ್ಟ್, ಅಂದರೆ ಟ್ರಾಕ್ಟರ್ ಎಂಜಿನ್ನಿನ ಶಕ್ತಿಯನ್ನು ರೋಟವೇಟರಿಗೆ ಕೊಡುವ ತಿರುಗುವ ದಂಡ, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಶಾಫ್ಟ್ 5 ಸೆಂಟಿಮೀಟರ್ ದಪ್ಪ ಇದೆ ಅಂದುಕೊಳ್ಳಿ. ಒಂದೇ ಸೆಕೆಂಡಿನಲ್ಲಿ ಅದು ಸುಮಾರು 1.4 ಮೀಟರ್ ಬಟ್ಟೆ ಎಳೆದುಕೊಳ್ಳುತ್ತದೆ. ಹೆಚ್ಚುಕಡಿಮೆ ಒಂದು ಟವೆಲ್ಲಿನ ಉದ್ದ. ಕ್ರಾಸ್ (ಶಾಫ್ಟ್ ಬಾಗಿ ತಿರುಗಲು ಇರುವ ಕೀಲು) ಇರುವ ಜಾಗ ಇನ್ನೂ ದಪ್ಪ, ಅಲ್ಲಿ ಎಳೆತ ಇನ್ನೂ ಜಾಸ್ತಿ. ‘ಅಯ್ಯೋ’ ಅನ್ನುವಷ್ಟರಲ್ಲಿ ನಾಲ್ಕೈದು ಸುತ್ತು ಆಗಿರುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ.

‘ಡ್ರೈವರ್ ಕ್ಲಚ್ ತುಳಿದೇ ಇದ್ದ’ ಅಂದಿರಲ್ಲ, ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಆ ಮಾತು. ಡ್ಯುಯಲ್ ಕ್ಲಚ್ ಇರುವ ಟ್ರಾಕ್ಟರಿನಲ್ಲಿ ಪೆಡಲ್ ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ, ಪಿಟಿಒ ತಿರುಗುತ್ತಲೇ ಇರುತ್ತದೆ. ಪೂರ್ತಿ ತುಳಿದರೆ ಮಾತ್ರ ಅದಕ್ಕೆ ಶಕ್ತಿ ಹೋಗುವುದು ನಿಲ್ಲುತ್ತದೆ. ಪಿಟಿಒಗೆ ಬೇರೆಯೇ ಕ್ಲಚ್ ಇರುವ ಮಾಡೆಲ್‌ಗಳಲ್ಲಂತೂ ಕಾಲಿನ ಪೆಡಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಗಾಡಿ ನಿಂತಿತು ಅಂದರೆ ಶಾಫ್ಟೂ ನಿಂತಿತು ಅಂತ ನಂಬಿ ಬಗ್ಗುತ್ತೇವೆ, ಅಲ್ವಾ? ಇನ್ನು ಪೂರ್ತಿ ತುಳಿದಿದ್ದರೂ ಡ್ರೈವರಿನ ಕೆಸರು ಕಾಲು ಜಾರಿದರೆ ಮುಗಿಯಿತು.

ಹಾಗಾಗಿ ಮೊದಲು ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿಸಿ. ಪಿಟಿಒ ಲಿವರ್ ತಪ್ಪಿಸಿ, ರೋಟವೇಟರನ್ನು ನೆಲಕ್ಕೆ ಇಳಿಸಿ, ಆಮೇಲೆ ಎಂಜಿನ್ ನಿಲ್ಲಿಸಿ. ಹಳೇ ಟ್ರಾಕ್ಟರುಗಳಲ್ಲಿ ಬರೀ ಕೀ ತಿರುಗಿಸಿದರೆ ಎಂಜಿನ್ ನಿಲ್ಲುವುದಿಲ್ಲ, ಸ್ಟಾಪ್ ನಾಬ್ ಎಳೆಯಬೇಕು. ಕೀ ಮಾತ್ರ ಬಗ್ಗುವವನ ಜೇಬಿನಲ್ಲೇ ಇರಲಿ. ಸೀಟಿನ ಹತ್ತಿರ ಮಕ್ಕಳು ಆಡುವ ಹೊಲಗಳಲ್ಲಿ ಇದು ಇನ್ನೂ ಮುಖ್ಯ. ಎಂಜಿನ್ ನಿಂತ ಮೇಲೂ ಬ್ಲೇಡುಗಳು ಓಟದಲ್ಲಿ ಒಂದಿಷ್ಟು ಹೊತ್ತು ತಿರುಗಬಹುದು. ಶಾಫ್ಟ್ ನಿಂತದ್ದನ್ನು ಕಣ್ಣಾರೆ ನೋಡಿಯೇ ಹತ್ತಿರ ಹೋಗಿ.

ಬ್ಲೇಡ್ ಕಾಣಬೇಕು ಅಂತ ರೋಟವೇಟರನ್ನು ಎತ್ತಿಯೇ ಇಡಬೇಕಾದರೆ ಅಡಿಗೆ ಗಟ್ಟಿ ಮರದ ದಿಮ್ಮಿ ಕೊಡಿ. ಎಂಜಿನ್ ನಿಂತಿದ್ದರೂ ಯಾರಾದರೂ ಹೈಡ್ರಾಲಿಕ್ ಲಿವರ್ ಮುಟ್ಟಿದರೆ ಅಷ್ಟೂ ಭಾರ ಕೆಳಗೆ ಬರುತ್ತದೆ. ಪೈಪು, ದಾರವನ್ನು ಬೆರಳಲ್ಲಿ ಕಿತ್ತುಕೊಳ್ಳಬೇಡಿ, ಕುಡುಗೋಲಿನಿಂದ ಕೊಯ್ದು ತೆಗೆಯಿರಿ. ನಿಮ್ಮ ತೊಂದರೆಗೆ ಇನ್ನೂ ಒಳ್ಳೇ ದಾರಿ ಇದೆ. ರೋಟವೇಟರ್ ಇಳಿಸುವ ಮೊದಲೇ ಶೀಟು, ಡ್ರಿಪ್ ಲೈನು, ಕಡ್ಡಿಗೆ ಕಟ್ಟಿದ ದಾರ ಎಲ್ಲ ತೆಗೆಸಿಬಿಡಿ. ಆ ಕೂಲಿ ದಂಡವಲ್ಲ. ಪ್ಲಾಸ್ಟಿಕ್ ಮಣ್ಣಿಗೂ ಸೇರುವುದಿಲ್ಲ.

ಶಾಫ್ಟಿನ ಪ್ಲಾಸ್ಟಿಕ್ ಕವರ್ ಇದೆಯಾ? ಗ್ರೀಸ್ ಹಾಕಲು ಅಡ್ಡ ಅಂತ ಬಿಚ್ಚಿ ಮೂಲೆಗೆ ಎಸೆಯುವವರೇ ಜಾಸ್ತಿ. ಒಳಗಿನ ಶಾಫ್ಟ್ ತಿರುಗಿದರೂ ಕವರ್ ತಿರುಗಬಾರದು. ಅದಕ್ಕೇ ಅದಕ್ಕೊಂದು ಸಣ್ಣ ಚೈನ್ ಕೊಟ್ಟಿರುತ್ತಾರೆ. ಆ ಚೈನ್ ಕಟ್ಟಿ. ಬಾಡಿಗೆ ಟ್ರಾಕ್ಟರ್ ಆದರೂ ಕವರ್ ಇದೆಯಾ ಅಂತ ಕೇಳುವ ಹಕ್ಕು ನಿಮಗಿದೆ. ಹತ್ತಿರ ಹೋಗುವವರು ಟವೆಲ್ ತೆಗೆದಿಡಲಿ, ಹೆಂಗಸರು ಸೆರಗು ಸಿಕ್ಕಿಸಿ ಜಡೆ ಮೇಲೆ ಕಟ್ಟಲಿ.

ಪೈರಿನಿಂದ ಕಾಳು ಬಿಡಿಸುವ ರಾಶಿ ಮಷಿನ್‌ಗೂ ಇದೇ ಮಾತು. ಅಲ್ಲಿ ಕೈ ಹೋದ ಎಷ್ಟೋ ಅನಾಹುತಗಳ ನಂತರವೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಪೈರು ಒಳಗೆ ಹಾಕುವ ತೊಟ್ಟಿ ಕನಿಷ್ಠ 90 ಸೆಂಟಿಮೀಟರ್ ಉದ್ದ ಇರಬೇಕು. ಕೈ ಡ್ರಮ್ ಮುಟ್ಟದಿರಲಿ ಅಂತ ಆ ಅಳತೆ. ತೊಟ್ಟಿ ಕತ್ತರಿಸಿ ಗಿಡ್ಡ ಮಾಡಿರುವ ಮಷಿನ್ ಕಂಡರೆ ಕೆಲಸಕ್ಕೆ ನಿಲ್ಲಬೇಡಿ.

ಯಾರಾದರೂ ಸಿಕ್ಕಿಕೊಂಡರೆ ಓಡಬೇಕಾದ್ದು ಎಂಜಿನ್ ಕಡೆಗೆ, ಮನುಷ್ಯನ ಕಡೆಗಲ್ಲ. ಯಂತ್ರ ನಿಂತ ಮೇಲೆ ಶಾಫ್ಟನ್ನು ಹಿಂದಕ್ಕೆ ತಿರುಗಿಸಿ ಬಿಡಿಸಲು ಹೋಗಬೇಡಿ, ಬಟ್ಟೆ ಕತ್ತರಿಸಿ. ರಕ್ತ ಬರುವ ಜಾಗವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ. ಆ ಕವರನ್ನು ಐಸಿನ ಮೇಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು.