4.3 ಬಂದಿದ್ದು ಯಾರಿಗೆ?

ಡಿಸೈನ್ ಹೆಡ್ ಆಗಿ ಹೊಸ ಕಂಪನಿಗೆ ಹೊರಟವರು ಸಲಹೆ ಕೇಳಲು ಬಂದಾಗ ಮೊದಲು ಮೊಬೈಲ್ ತೆಗೆದು ಆ ಕಂಪನಿಯ ರೇಟಿಂಗ್ ತೋರಿಸುತ್ತಾರೆ. 'ನಾಯಕತ್ವಕ್ಕೆ ಐದರಲ್ಲಿ 4.3 ಇದೆ, ಸೇರಬಹುದು ಅಲ್ವಾ?' ಸೇರಬಹುದೇನೋ. ಆದರೆ ಆ 4.3 ಯಾರಿಗೆ ಬಂದಿದ್ದು ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಗ್ಲಾಸ್‌ಡೋರ್‌ನಂಥ ನೌಕರರೇ ತಮ್ಮ ಕಂಪನಿಗೆ ಅಂಕ ಕೊಡುವ ತಾಣಗಳಲ್ಲಿ ಸಿಇಒ ಬಗ್ಗೆ ಒಪ್ಪಿಗೆ ಇದೆಯಾ ಇಲ್ಲವಾ ಅನ್ನುವುದು ಒಂದು ಪ್ರಶ್ನೆ. ಹಿರಿಯ ಆಡಳಿತಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಅನ್ನುವುದು ಇನ್ನೊಂದು. ದೊಡ್ಡ ಕಂಪನಿಯಲ್ಲಿ ಉತ್ತರ ಕೊಡುವವರಲ್ಲಿ ಹೆಚ್ಚಿನವರು ಸಿಇಒ ಜೊತೆ ಒಂದು ಮಾತೂ ಆಡಿರುವುದಿಲ್ಲ. ಅವರಿಗೆ ಗೊತ್ತಿರುವುದು ತಮ್ಮ ಮ್ಯಾನೇಜರ್, ಈ ಸಲದ ಇನ್‌ಕ್ರಿಮೆಂಟ್, ಹೋದ ತಿಂಗಳು ಕೆಲಸ ಕಳೆದುಕೊಂಡ ಪಕ್ಕದ ಸೀಟಿನವರು. ಅದೆಲ್ಲದರ ಸಿಟ್ಟು, ಖುಷಿ ಮೇಲಿನವರ ಹೆಸರಿಗೆ ಜಮಾ ಆಗುತ್ತದೆ. ಸುಳ್ಳು ಅಂತಲ್ಲ. ವಿಳಾಸ ಮಾತ್ರ ಬೇರೆ.

ಡಿಸೈನ್ ತಂಡದ ಮಟ್ಟಿಗೆ ಇನ್ನೊಂದು ತೊಡಕು ಇದೆ, ತಂಡ ಚಿಕ್ಕದು. ಕಂಪನಿಯೊಳಗಿನ ಸಮೀಕ್ಷೆಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ, 'ಇಲ್ಲಿ ಕೆಲಸಕ್ಕೆ ಸೇರು ಅಂತ ಸ್ನೇಹಿತರಿಗೆ ಹೇಳ್ತೀರಾ? 0ರಿಂದ 10ರೊಳಗೆ ಅಂಕ ಕೊಡಿ.' 9, 10 ಕೊಟ್ಟವರ ಶೇಕಡಾವಾರಿನಿಂದ 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರ ಶೇಕಡಾವಾರು ಕಳೆದರೆ ಸ್ಕೋರ್. 7, 8 ಕೊಟ್ಟವರು ಲೆಕ್ಕಕ್ಕಿದ್ದೂ ಇಲ್ಲದ ಹಾಗೆ. ಹತ್ತು ಜನರ ತಂಡ ಅಂದುಕೊಳ್ಳಿ. ಐವರು 9 ಕೊಟ್ಟರು, ಮೂವರು 8, ಇಬ್ಬರು 5. ಸ್ಕೋರ್ 30. ಮುಂದಿನ ಸಲ ಆ ಐವರಲ್ಲಿ ಇಬ್ಬರು 9ರ ಬದಲು 8 ಕೊಟ್ಟರೆ ಸ್ಕೋರ್ 10ಕ್ಕೆ ಇಳಿಯುತ್ತದೆ. ಇಬ್ಬರ ಮನಸ್ಸು ಒಂದೊಂದು ಅಂಕದಷ್ಟು ಬದಲಾಯಿತು, ಅಷ್ಟೇ. ಮೀಟಿಂಗ್‌ನಲ್ಲಿ ಮಾತ್ರ 'ಡಿಸೈನ್ ತಂಡದ ಸ್ಥೈರ್ಯ ಕುಸಿದಿದೆ' ಅಂತ ಸ್ಲೈಡ್ ಬರುತ್ತದೆ. ತಂಡ ಇನ್ನೂ ಚಿಕ್ಕದಾದರೆ, ಯಾರು ಏನು ಹೇಳಿದರು ಅಂತ ಗೊತ್ತಾಗದಿರಲಿ ಎಂದು ಎಷ್ಟೋ ಕಡೆ ಅವರ ಉತ್ತರವನ್ನು ದೊಡ್ಡ ವಿಭಾಗದ ಜೊತೆ ಸೇರಿಸಿಬಿಡುತ್ತಾರೆ. ಆಗ ನಿಮ್ಮ ಅಂಕವೇ ನಿಮಗೆ ಕಾಣುವುದಿಲ್ಲ.

ಈ ಕಸುಬಿನ ಏಣಿಯೂ ವಿಚಿತ್ರ. ಚೆನ್ನಾಗಿ ಡಿಸೈನ್ ಮಾಡಿದ್ದಕ್ಕೆ ಬಡ್ತಿ ಕೊಡುತ್ತಾರೆ. ಬಡ್ತಿ ಸಿಕ್ಕ ಮೇಲೆ ಡಿಸೈನ್ ಮಾಡುವುದೇ ಇಲ್ಲ. ಬಜೆಟ್, ನೇಮಕಾತಿ, ಪ್ರಾಡಕ್ಟ್ ಮತ್ತು ಎಂಜಿನಿಯರಿಂಗ್‌ನವರ ಜೊತೆ ಹಗ್ಗಜಗ್ಗಾಟ, ಇದೇ ದಿನಚರಿ. ಐಫೋನ್ ವಿನ್ಯಾಸದಿಂದ ಹೆಸರಾದ ಜಾನಿ ಐವ್ 1992ರಲ್ಲಿ ಆಪಲ್ ಸೇರಿದರು, 2015ರಲ್ಲಿ ಮುಖ್ಯ ಡಿಸೈನ್ ಅಧಿಕಾರಿ ಆದರು. ಆಗ ತಂಡದ ದಿನನಿತ್ಯದ ಉಸ್ತುವಾರಿ ಬೇರೆ ಇಬ್ಬರ ಕೈಗೆ ಹೋಯಿತು. 2017ರಲ್ಲಿ ಅದು ಮತ್ತೆ ಅವರ ಕೈಗೇ ಬಂತು. 2019ರಲ್ಲಿ ಅವರು ಕಂಪನಿ ಬಿಟ್ಟರು. ಹುದ್ದೆ ಮೇಲೇರಿದಷ್ಟೂ ತಂಡ ದೂರವಾಗುವ ಕಷ್ಟ ಅಂಥವರಿಗೂ ತಪ್ಪಲಿಲ್ಲ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ. ದೂರವಾದವರ ಬಗ್ಗೆ ತಂಡ ಕೊಡುವ ಅಂಕ ಬರೀ ಅಂದಾಜು.

ಹಾಗಂತ ರೇಟಿಂಗ್ ನೋಡಲೇಬೇಡಿ ಅನ್ನುವವನಲ್ಲ ನಾನು. ಅಂಕ ಬಿಟ್ಟು ಬರಹ ಓದಿ. ತಾರೀಖು ನೋಡಿ: ಒಂದೇ ವಾರದಲ್ಲಿ ಐದು ನಕ್ಷತ್ರದ ವಿಮರ್ಶೆಗಳು ಸಾಲಾಗಿ ಬಿದ್ದಿದ್ದರೆ ಯಾರೋ ಬರೆಸಿದ್ದಿರಬಹುದು. ಒಂದೇ ದೂರು ಬೇರೆ ಬೇರೆ ವರ್ಷ, ಬೇರೆ ಬೇರೆ ಮಾತಿನಲ್ಲಿ ಬಂದಿದ್ದರೆ ಅದನ್ನು ನಂಬಿ. 'ಡಿಸೈನ್ ಬಗ್ಗೆ ನಿರ್ಧಾರ ಆಗಿ ಮುಗಿದ ಮೇಲೆ ನಮಗೆ ಹೇಳ್ತಾರೆ' ಅನ್ನುವ ಒಂದು ಸಾಲು ಕಂಡರೆ ನನಗೆ 4.3ಕ್ಕಿಂತ ಜಾಸ್ತಿ ವಿಷಯ ಸಿಕ್ಕಿದ ಹಾಗೆ.

ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿ. ಈ ಹುದ್ದೆ ಯಾರಿಗೆ ರಿಪೋರ್ಟ್ ಮಾಡುತ್ತದೆ? ಹಿಂದೆ ಇದ್ದವರು ಯಾಕೆ ಬಿಟ್ಟರು? ಎರಡನೆಯದಕ್ಕೆ ಸಿಇಒ ಒಂದು ಉತ್ತರ, ಎಚ್‌ಆರ್ ಇನ್ನೊಂದು ಉತ್ತರ ಕೊಟ್ಟರೆ, ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಆ ತಂಡದ ಹಳಬರೊಬ್ಬರಿಗೆ ಫೋನ್ ಮಾಡಿ.