ನೈಟ್ರಿಕ್ ಆಕ್ಸೈಡ್: ಅಂಕಿ ಏರಿಸಿದ ಗ್ಯಾಸಿನ ಕಥೆ

"ಸರ, ನೀವು ಪೇಪರ್‌ನವ್ರಂತಲ್ಲ, ಒಂದ್ ಮಾತು ಕೇಳ್ತೀನ್ರಿ. ಬೆಂಗಳೂರಾಗ ಒಂದ್ ಗ್ಯಾಸ್ ಐತಂತ. ಅದನ್ನ ಕೊಟ್ರ ಆಕ್ಸಿಜನ್ ಗಕ್ಕನ ಏರತೈತಂತ. ನಮ್ ತಮ್ಮನ್ನ ಅಲ್ಲಿಗೆ ಒಯ್ಯೋಣೇನ್ರಿ?"

ಬಳ್ಳಾರಿಯ ಆಸ್ಪತ್ರೆಯೊಂದರ ಐಸಿಯು ಹೊರಗೆ ಸಿರುಗುಪ್ಪ ಕಡೆಯ ಭತ್ತದ ರೈತರೊಬ್ಬರು ಕೇಳಿದ ಮಾತಿದು. ನ್ಯುಮೋನಿಯಾ ಎರಡೂ ಶ್ವಾಸಕೋಶಕ್ಕೆ ಹಬ್ಬಿ ತಮ್ಮ ವೆಂಟಿಲೇಟರ್ ಮೇಲಿದ್ದ. ನೆಂಟರು ಕಳಿಸಿದ್ದ ವಾಟ್ಸಾಪ್ ಮೆಸೇಜ್ ತೋರಿಸಿದರು. ಗ್ಯಾಸಿನ ಹೆಸರು ಸರಿಯಾಗಿಯೇ ಇತ್ತು: ನೈಟ್ರಿಕ್ ಆಕ್ಸೈಡ್. ಆಕ್ಸಿಜನ್ ಏರುತ್ತದೆ ಅನ್ನುವುದೂ ಸುಳ್ಳಲ್ಲ. ಪೂರ್ತಿ ಸುಳ್ಳಾಗಿದ್ದರೆ ಉತ್ತರ ಕೊಡುವುದು ಸಲೀಸಿತ್ತು.

ಈ ಕಾಯಿಲೆಗೆ ವೈದ್ಯರು ಎಆರ್‌ಡಿಎಸ್ ಅನ್ನುತ್ತಾರೆ. 1967ರಲ್ಲಿ ಅಮೆರಿಕದ ಡೆನ್ವರಿನ ವೈದ್ಯರು 12 ರೋಗಿಗಳ ವಿವರವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಇದಕ್ಕೊಂದು ಗುರುತು ಬಂತು. ಒಬ್ಬರಿಗೆ ಅಪಘಾತದ ಪೆಟ್ಟು, ಮತ್ತೊಬ್ಬರಿಗೆ ಸೋಂಕು, ಆದರೆ ಕೊನೆಗೆ ಎಲ್ಲರ ಶ್ವಾಸಕೋಶವೂ ಒಂದೇ ಥರ ಕೆಟ್ಟಿತ್ತು. ಸಣ್ಣ ರಕ್ತನಾಳ ಸೋರಿ ಗಾಳಿಚೀಲದೊಳಗೆ ನೀರು ತುಂಬುತ್ತದೆ, ಶ್ವಾಸಕೋಶ ಬಿಗಿಯುತ್ತದೆ, ಎಷ್ಟು ಆಕ್ಸಿಜನ್ ಕೊಟ್ಟರೂ ತುಟಿ ನೀಲಿಯೇ. ನಮ್ಮ ಕಡೆ ನ್ಯುಮೋನಿಯಾ, ನಂಜು, ಮಲೇರಿಯಾ, ಹೊಲಕ್ಕೆ ಹೊಡೆಯುವ ಎಣ್ಣೆ ಹೊಟ್ಟೆ ಸೇರಿ ವಾಂತಿ ಶ್ವಾಸಕೋಶಕ್ಕಿಳಿಯುವುದು, ಯಾವುದರಿಂದಲೂ ಇದು ಬರಬಹುದು.

ಇನ್ನು ಗ್ಯಾಸಿನ ವಿಷಯ. ಇದು ಆಪರೇಷನ್ ಥಿಯೇಟರಿನ ನಗೆ ಅನಿಲವಲ್ಲ. ಅದು ನೈಟ್ರಸ್, ಇದು ನೈಟ್ರಿಕ್. ಸಂಡೂರಿನ ಅದಿರು ಲಾರಿ ಉಗುಳುವ ಹೊಗೆಯಲ್ಲೂ ಇದಿದೆ. ಎಂಬತ್ತರ ದಶಕದವರೆಗೆ ವಿಜ್ಞಾನಿಗಳಿಗೆ ಇದು ಮುಖ್ಯವಾಗಿ ಮಾಲಿನ್ಯದ ಸರಕು. ರಕ್ತನಾಳದ ಒಳಪದರ ತಾನೇ ಈ ಗ್ಯಾಸನ್ನು ತಯಾರಿಸಿ ನಾಳವನ್ನು ಸಡಿಲಿಸುತ್ತದೆ ಎಂದು ಗೊತ್ತಾದದ್ದು 1986–87ರ ಸುಮಾರಿಗೆ. ಈ ಶೋಧಕ್ಕಾಗಿ ವಿಜ್ಞಾನಿಗಳಾದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ 1998ರಲ್ಲಿ ನೊಬೆಲ್ ಬಂತು. ತಮಾಷೆಯೆಂದರೆ, ಡೈನಮೈಟ್‌ಗೆ ಬಳಸಿದ ನೈಟ್ರೊಗ್ಲಿಸರಿನ್ನನ್ನೇ ಆಲ್ಫ್ರೆಡ್ ನೊಬೆಲ್‌ಗೆ ಎದೆನೋವಿನ ಔಷಧವಾಗಿ ವೈದ್ಯರು ಬರೆದುಕೊಟ್ಟಿದ್ದರು. ಅದು ಕೆಲಸ ಮಾಡುವುದು ಮೈಯೊಳಗೆ ಇದೇ ಗ್ಯಾಸನ್ನು ಬಿಟ್ಟು.

ಉಸಿರಿನಲ್ಲಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಆ ರೈತರಿಗೆ ಕಾಲುವೆ ಹೋಲಿಕೆಯಲ್ಲಿ ಹೇಳಿದೆ. ರಕ್ತವೆಂದರೆ ಕಾಲುವೆ ನೀರು ಅಂದುಕೊಳ್ಳಿ. ಕಾಯಿಲೆಯಲ್ಲಿ ಅರ್ಧ ಹೊಲ ಹಾಳು ಬಿದ್ದಿದೆ, ಆದರೂ ನೀರು ಅಲ್ಲಿಗೂ ಹರಿದು ವ್ಯರ್ಥವಾಗುತ್ತಿದೆ. ನಾಳ ಸಡಿಲಿಸುವ ಔಷಧವನ್ನು ರಕ್ತಕ್ಕೆ ಚುಚ್ಚಿದರೆ ಎಲ್ಲ ತೂಬೂ ಒಟ್ಟಿಗೆ ತೆರೆಯುತ್ತವೆ, ಹಾಳು ಹೊಲಕ್ಕೆ ಇನ್ನಷ್ಟು ನೀರು. ಆದರೆ ಗ್ಯಾಸು ಗಾಳಿ ಆಡುವ ಕಡೆಗೆ ಮಾತ್ರ ಹೋಗುತ್ತದೆ, ಅಲ್ಲಿನ ತೂಬನ್ನಷ್ಟೇ ಎತ್ತುತ್ತದೆ. ಬೆಳೆ ಇರುವ ಹೊಲಕ್ಕೇ ನೀರು ತಿರುಗುತ್ತದೆ. ರಕ್ತ ಸೇರಿದ ಕೂಡಲೇ ಹಿಮೋಗ್ಲೋಬಿನ್ ಅದನ್ನು ಹಿಡಿದುಹಾಕುವುದರಿಂದ ಉಳಿದ ಮೈಯ ಬಿಪಿ ಬೀಳುವುದೂ ಕಡಿಮೆ. ಅವರು ತಲೆಯಾಡಿಸಿದರು. "ಚಲೋ ಐತಲ್ರೀ ಮತ್ತ?"

ಜಗತ್ತಿಗೂ ಹಾಗೇ ಅನ್ನಿಸಿತ್ತು. 1993ರಲ್ಲಿ ಬರ್ಲಿನ್ನಿನ ರೋಸೇಂಟ್ ತಂಡ ಎಆರ್‌ಡಿಎಸ್ ರೋಗಿಗಳಿಗೆ ಇದನ್ನು ಕೊಟ್ಟಾಗ ರಕ್ತದ ಆಕ್ಸಿಜನ್ ಏರಿತು, ಶ್ವಾಸಕೋಶದ ನಾಳಗಳ ಒತ್ತಡ ಇಳಿಯಿತು. ಕೊಡುವ ಪ್ರಮಾಣವೂ ಅತ್ಯಲ್ಪ, ಹತ್ತು ಲಕ್ಷ ಭಾಗ ಗಾಳಿಗೆ 5ರಿಂದ 20 ಭಾಗ. ಹುಟ್ಟಿದೊಡನೆ ಶ್ವಾಸಕೋಶದ ನಾಳ ತೆರೆಯದೆ ನೀಲಿಗಟ್ಟುವ ತಿಂಗಳು ತುಂಬಿದ ಕೂಸುಗಳಿಗೆ ಇದು ನಿಜಕ್ಕೂ ವರವಾಯಿತು. 1999ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟದ್ದು ಅವರಿಗಾಗಿಯೇ.

ದೊಡ್ಡವರಲ್ಲಿ ಲೆಕ್ಕ ತಪ್ಪಿತು. 2004ರಲ್ಲಿ ಪ್ರಕಟವಾದ 385 ರೋಗಿಗಳ ಅಧ್ಯಯನದಲ್ಲಿ ಮೊದಲ ದಿನ ಆಕ್ಸಿಜನ್ ಏರಿತು, ಎರಡನೇ ದಿನಕ್ಕೆ ಆ ವ್ಯತ್ಯಾಸ ಮಾಯ. 28 ದಿನದೊಳಗೆ ಸತ್ತವರು ಗ್ಯಾಸ್ ಪಡೆದವರಲ್ಲಿ 23%, ಪಡೆಯದವರಲ್ಲಿ 20%. ಅಂದರೆ ಸಾವು ತಗ್ಗಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಅದೇ ಉತ್ತರ, ಮೇಲೆ ಕಿಡ್ನಿಗೆ ತೊಂದರೆ ಹೆಚ್ಚು ಎಂಬ ಕಹಿ ಸುದ್ದಿ. ಗ್ಯಾಸು ಆಕ್ಸಿಜನ್ ಜೊತೆ ಸೇರಿ ನೈಟ್ರೋಜನ್ ಡೈಆಕ್ಸೈಡ್ ಎಂಬ ವಿಷವಾಗಬಲ್ಲದು, ತಟ್ಟನೆ ನಿಲ್ಲಿಸಿದರೆ ನಾಳಗಳು ಮತ್ತೆ ಬಿಗಿಯುತ್ತವೆ, ಹಾಗಾಗಿ ಅಳೆಯುವ ಯಂತ್ರ, ಕಾಯುವ ಜನ ಎರಡೂ ಬೇಕು. ಇಷ್ಟಕ್ಕೂ ಎಆರ್‌ಡಿಎಸ್ ರೋಗಿಗಳಲ್ಲಿ ಹೆಚ್ಚಿನವರು ಸಾಯುವುದು ಬರೀ ಆಕ್ಸಿಜನ್ ಕೊರತೆಯಿಂದಲ್ಲ. ನಂಜು ಏರಿ ಒಂದೊಂದೇ ಅಂಗ ಕೈಕೊಡುತ್ತದೆ. ತೂಬು ತಿರುಗಿಸಿದರೆ ಅದು ನಿಲ್ಲುವುದಿಲ್ಲ.

ನಮ್ಮ ಜಿಲ್ಲೆಗೆ ಆಕ್ಸಿಜನ್ ಅಂಕಿಯ ಹುಚ್ಚು ಹಿಡಿದದ್ದು 2021ರಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಕ್ಸಿಜನ್ ಟ್ಯಾಂಕರುಗಳು ಹೊರಟವು, ಅದರ ಪಕ್ಕದಲ್ಲೇ 1,000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆಗೆ ಆಕ್ಸಿಜನ್ ಪೈಪಿನಲ್ಲೇ ಬಂತು. ಮನೆಮನೆಯಲ್ಲೂ ಬೆರಳಿಗೆ ಆಕ್ಸಿಮೀಟರ್. ಆಗಲೂ ನೈಟ್ರಿಕ್ ಆಕ್ಸೈಡಿನ ಮಾತು ಎದ್ದಿತ್ತು. ಎಲ್ಲರಿಗೂ ಕೊಡಬೇಡಿ, ಬೇರೆ ದಾರಿ ಮುಗಿದಾಗ ಮಾತ್ರ ನೋಡಿ, ಏರದಿದ್ದರೆ ನಿಧಾನಕ್ಕೆ ನಿಲ್ಲಿಸಿ ಎಂದೇ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತ್ತು.

ಸಾವು ತಗ್ಗಿಸಿದ್ದು ಬೇರೆಯೇ. 2000ದಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ವೆಂಟಿಲೇಟರ್ ತಳ್ಳುವ ಉಸಿರನ್ನು ಅರ್ಧಕ್ಕಿಳಿಸಿದಾಗ ಸಾವು 39.8%ರಿಂದ 31%ಕ್ಕೆ ಬಂತು. ಬೆರಗೇನೆಂದರೆ, ಮೊದಲ ದಿನಗಳಲ್ಲಿ ಆಕ್ಸಿಜನ್ ಅಂಕಿ ಚೆನ್ನಾಗಿದ್ದದ್ದು ದೊಡ್ಡ ಉಸಿರು ಪಡೆದವರಲ್ಲಿ! 2013ರಲ್ಲಿ ಫ್ರಾನ್ಸಿನ ಗೆರಾನ್ ತಂಡ ತೀವ್ರ ರೋಗಿಗಳನ್ನು ಒಂದು ಬಾರಿಗೆ ಕನಿಷ್ಠ 16 ತಾಸು ಬೋರಲು ಮಲಗಿಸಿತು. 28 ದಿನದ ಸಾವು 32.8%ರ ಬದಲು 16%.

ಸುಮಾರು 300 ಕಿಲೋಮೀಟರು ಅಂಬುಲೆನ್ಸಿನಲ್ಲಿ ಈ ಸ್ಥಿತಿಯವನನ್ನು ಸಾಗಿಸುವುದೇ ದೊಡ್ಡ ಅಪಾಯ ಎಂದು ಡಾಕ್ಟರು ರೈತರಿಗೆ ಹೇಳಿದರು. ಆಮೇಲೆ, "ಈಗ ಬೋರಲು ಹಾಕ್ತೀವಿ" ಅಂದರು. ಅಣ್ಣನ ಮುಖ ಕಳೆಗುಂದಿತು. ಮಕ್ಕಳು ಬಕ್ಕಬೋರಲು ಮಲಗಿದರೂ ಅಜ್ಜಿಯರು ಬೈದು ಮಗ್ಗುಲಿಗೆ ತಿರುಗಿಸುವ ಊರಿನವರು.

ಗಾಜಿನಾಚೆ ಐದು ಮಂದಿ ನಿಂತರು. ತಲೆಯ ಬಳಿ ಒಬ್ಬರು ಬಾಯಿಯ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದರು. ಉಳಿದವರು ಹಾಸಿನ ಅಂಚು ಸುತ್ತಿ ಹಿಡಿದು, ಎದೆಗೊಂದು ಸೊಂಟಕ್ಕೊಂದು ದಿಂಬಿಟ್ಟು, ಎಣಿಸಿ, ಮಗ್ಗುಲಿಗೆ ಎಳೆದು, ಮತ್ತೆ ಎಣಿಸಿ ಮಗುಚಿದರು. ಮಾನಿಟರ್ 86 ತೋರಿಸಿತು, 84ಕ್ಕಿಳಿಯಿತು, ಮತ್ತೆ 86. ಒಳಗಿದ್ದವರಾರೂ ಅದರತ್ತ ನೋಡಲಿಲ್ಲ, ಕೊಳವೆ ನೋಡುತ್ತಿದ್ದರು.

ಅಣ್ಣ ಮೊಬೈಲ್ ತೆಗೆದು ಊರಿಗೆ ಹಚ್ಚಿದರು. "ಯವ್ವಾ, ಬೆಂಗಳೂರು ಬ್ಯಾಡಂತ. ಬೋರಲ ಹಾಕ್ಯಾರ. ನಾಳೆ ಮುಂಜಾನಿತನ ಹಂಗ ಇರ್ತಾನಂತ."