ಹತ್ತಡಿಯ ತಕರಾರು

ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಆಟದ ಮೇಜಿನಲ್ಲಿ ಈ ಜಗಳ ಹೊಸದಲ್ಲ. 'ನನ್ನ ಕೈಯಲ್ಲಿ ಹತ್ತಡಿ ದೂರ ಮುಟ್ಟುವ ಗ್ಲೇವ್, ಅಂದ್ರೆ ಉದ್ದ ಕೋಲಿನ ತುದಿಗೆ ಅಲಗು, ಇದೆ. ಓರ್ಕ್ ರಾಕ್ಷಸ ಎದುರಿನಿಂದ ನಡ್ಕೊಂಡು ಬಂದು ನನ್ನ ಮೂತಿಗೆ ಕೊಡಲಿ ಬೀಸ್ತಾನೆ. ಅಲ್ಲಿವರೆಗೆ ನಾನು ಸುಮ್ನೆ ನೋಡ್ತಾ ನಿಂತಿದ್ನಾ?' ಈಗಿನ ನಿಯಮದ ಪ್ರಕಾರ ಹೌದು, ನಿಂತಿದ್ರಿ. 2000ದ ನಿಯಮದಲ್ಲಾದರೆ ಓರ್ಕ್‌ಗೆ ದಾರಿಯಲ್ಲೇ ಒಂದು ಏಟು ಬೀಳುತ್ತಿತ್ತು. ಕೋಲಿನ ಉದ್ದ ಅಷ್ಟೇ ಇದೆ. ಆ ಹತ್ತಡಿ ದಾಟಲು ಎದುರಾಳಿ ಕಟ್ಟಬೇಕಾದ ಸುಂಕ ಮಾತ್ರ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ.

ಶುರುವಾಗಿದ್ದು ಪುಟ್ಟ ಗೊಂಬೆ ಸೈನಿಕರನ್ನಿಟ್ಟು ಆಡುವ ಮಿನಿಯೇಚರ್ ಯುದ್ಧದ ಆಟದಿಂದ. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ (ಮುಂದೆ ಡಿ ಅಂಡ್ ಡಿ ರಚಿಸಿದವರಲ್ಲೊಬ್ಬ) ಮತ್ತು ಜೆಫ್ ಪೆರೆನ್ ತಂದ 'ಚೈನ್‌ಮೇಲ್'ನಲ್ಲಿ ಇಬ್ಬರು ಎದುರಾದಾಗ ಮೊದಲ ಸುತ್ತಿನ ಮೊದಲ ಏಟು ಸಾಕಷ್ಟು ಉದ್ದದ ಆಯುಧದವನಿಗೆ ಸಿಗುತ್ತಿತ್ತು. ಮುಂದಿನ ಸುತ್ತುಗಳಲ್ಲಿ ತೀರಾ ಚಿಕ್ಕ ಆಯುಧದವನು ಆ ಅವಕಾಶ ಕಿತ್ತುಕೊಳ್ಳಬಹುದಿತ್ತು. ಈಟಿಯವನ ಮೈಹತ್ತಿರ ನುಗ್ಗಿದವನ ಬಾಕು ಬೇಗ ಆಡುತ್ತದೆ ಅಲ್ವಾ, ಆ ಲೆಕ್ಕ. ನನ್ನ ಪ್ರಕಾರ ಇಷ್ಟು ಸರಳವಾಗಿ ಇಷ್ಟು ಸರಿಯಾಗಿ ಹೇಳಿದ ನಿಯಮ ಆಮೇಲೆ ಬರಲಿಲ್ಲ.

ಗೈಗ್ಯಾಕ್ಸ್‌ಗೆ ಉದ್ದ ಕೋಲಿನ ಆಯುಧಗಳ ಹುಚ್ಚು ಸ್ವಲ್ಪ ಜಾಸ್ತಿಯೇ ಇತ್ತು. 1978ರ ಅಡ್ವಾನ್ಸ್ಡ್ ಆವೃತ್ತಿಯ ಪಟ್ಟಿ ನೋಡಿದರೆ ಸುಸ್ತಾಗುತ್ತದೆ: ಗಿಸಾರ್ಮ್, ಗ್ಲೇವ್-ಗಿಸಾರ್ಮ್, ಗಿಸಾರ್ಮ್-ವೂಜ್, ಬಿಲ್-ಗಿಸಾರ್ಮ್. 1985ರ ಪುಸ್ತಕವೊಂದರಲ್ಲಿ ಇವುಗಳ ಹೆಸರು-ಜಾತಿ ವಿವರಿಸಲೆಂದೇ ಒಂದು ಅನುಬಂಧ ಇದೆ. ಪ್ರತಿ ಆಯುಧಕ್ಕೂ ಉದ್ದ ಎಷ್ಟು, ಬೀಸಲು ಪಕ್ಕದಲ್ಲಿ ಎಷ್ಟು ಜಾಗ ಬೇಕು ಎಂಬ ಲೆಕ್ಕವೂ ಇತ್ತು. ಎದುರಾಳಿ ಓಡಿ ಮೇಲೆ ಬಿದ್ದಾಗ ಉದ್ದದ ಆಯುಧದವನೇ ಮೊದಲು ಹೊಡೆಯಬೇಕಿತ್ತು. ಅಂದರೆ ಸುಂಕ ಇತ್ತು, ಆದರೆ ಅದು ಸರದಿಯ ರೂಪದಲ್ಲಿತ್ತು.

2000ದಲ್ಲಿ ಬಂದ ಮೂರನೇ ಆವೃತ್ತಿ ಎಲ್ಲವನ್ನೂ ಚೌಕಗಳ ಮೇಲೆ ತಂದು ಕೂರಿಸಿತು. ಒಂದು ಚೌಕ ಅಂದರೆ 5 ಅಡಿ. ಉದ್ದದ ಆಯುಧ 10 ಅಡಿ ದೂರದ ಚೌಕಕ್ಕೆ ಹೊಡೆಯುತ್ತದೆ, ಪಕ್ಕದ ಚೌಕಕ್ಕೆ ಹೊಡೆಯುವುದಿಲ್ಲ. ನಿಮ್ಮ ಆಯುಧ ಮುಟ್ಟುವ ಚೌಕವನ್ನು ಬಿಟ್ಟು ಯಾರಾದರೂ ಕದಲಿದರೆ ನಿಮಗೊಂದು ಬಿಟ್ಟಿ ಏಟು; ನಿಯಮದ ಭಾಷೆಯಲ್ಲಿ 'ಅವಕಾಶದ ಏಟು'. ಹತ್ತಡಿಯಿಂದ ಐದಡಿಗೆ ಬರಬೇಕಾದರೆ ಓರ್ಕ್ ಆ ಚೌಕ ಬಿಡಲೇಬೇಕು. ಟೋಲ್ ಗೇಟ್ ಸರಿಯಾಗಿ ರಸ್ತೆ ಮಧ್ಯಕ್ಕೇ ಬಂತು. ಒಂದೊಂದೇ ಚೌಕ ಹುಷಾರಾಗಿ ಹೆಜ್ಜೆ ಇಟ್ಟರೆ ಮಾತ್ರ ವಿನಾಯಿತಿ.

ಇದರ ಪರಾಕಾಷ್ಠೆ ಮುಳ್ಳಿನ ಸರಪಳಿ, ಸ್ಪೈಕ್ಡ್ ಚೈನ್. ಅದು ಹತ್ತಡಿಗೂ ಹೊಡೆಯುತ್ತಿತ್ತು, ಪಕ್ಕಕ್ಕೂ ಹೊಡೆಯುತ್ತಿತ್ತು, ಕಾಲಿಗೆ ಸುತ್ತಿ ಬೀಳಿಸಲೂ ಆಗುತ್ತಿತ್ತು. 2003ರ 3.5 ನಿಯಮದಲ್ಲಿ ಇದು ಹೇಗೆ ನಡೆಯುತ್ತಿತ್ತು ನೋಡಿ. ಓರ್ಕ್ ನಡೆದು ಬರುತ್ತಾನೆ. ಹತ್ತಡಿಯ ಚೌಕ ಬಿಡುವಾಗ ಬಿಟ್ಟಿ ಏಟು; ಅದರಲ್ಲಿ ಅವನನ್ನು ಬೀಳಿಸುತ್ತೀರಿ. ಬೀಳಿಸುವ ಪರಿಣತಿ ಇದ್ದರೆ ಬಿದ್ದವನ ಮೇಲೆ ಇನ್ನೊಂದು ಏಟು. ಅವನು ಎದ್ದರೆ, ಏಳುವಾಗಲೂ ಮತ್ತೊಂದು. ಒಂದೇ ಸುತ್ತಿನಲ್ಲಿ ಹಲವು ಬಿಟ್ಟಿ ಏಟು ಕೊಡುವ ಪರಿಣತಿ ಅದಕ್ಕೆ ಬೇಕು. ಏಳುವುದರಲ್ಲೇ ಅವನ ಟರ್ನ್ ಮುಗಿಯಿತು. ಕೊಡಲಿ ಇನ್ನೂ ಗಾಳಿಯಲ್ಲೇ! ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡು ಏನು ಬಂತು? ಆಟ ನಡೆಸುವ ಅನೇಕ ಡಿಎಂಗಳಿಗೆ ಆ ಸರಪಳಿಯ ಹೆಸರೆತ್ತಿದರೆ ಸಾಕಾಗಿತ್ತು. 2009ರಲ್ಲಿ ಇದೇ ನಿಯಮಗಳ ಮೇಲೆ ಕಟ್ಟಿದ ಪಾತ್‌ಫೈಂಡರ್ ಎಂಬ ಬೇರೆ ಆಟ ಬಂದಾಗ ಸರಪಳಿಯ ಹತ್ತಡಿಯನ್ನೇ ಕಿತ್ತುಹಾಕಿದರು.

2008ರ ನಾಲ್ಕನೇ ಆವೃತ್ತಿ ಬ್ರೇಕ್ ಹಾಕಿತು: ಬಿಟ್ಟಿ ಏಟು ಸಾಮಾನ್ಯವಾಗಿ ಪಕ್ಕದ ಚೌಕದವರಿಗಷ್ಟೇ.

2014ರ ಐದನೇ ಆವೃತ್ತಿ ಗೇಟನ್ನು ರಸ್ತೆಯ ಆ ಕೊನೆಗೆ ಸಾಗಿಸಿತು. ಈಗ ಎದುರಾಳಿ ನಿಮ್ಮ ಹತ್ತಡಿ ಬಿಟ್ಟು ಹೊರಗೆ ಹೋಗುವಾಗ ಮಾತ್ರ ಏಟು. ಒಳಗೆ ಬರುವುದು ಫ್ರೀ, ಒಳಗೇ ಸುತ್ತಾಡುವುದೂ ಫ್ರೀ. ಹೊಡೆದು ಹಿಂದಕ್ಕೆ ಸರಿಯುವ ಉಪಾಯವೂ ಬಯಲಿನಲ್ಲಿ ನಡೆಯುವುದಿಲ್ಲ. ಒಂದು ಟರ್ನ್‌ನಲ್ಲಿ 30 ಅಡಿ ನಡೆಯುವ ಓರ್ಕ್‌ಗೆ ನೀವು ಬಿಟ್ಟ ಅಂತರ ಯಾವ ಲೆಕ್ಕ? ಹಾಗಾಗಿ ಉದ್ದದ ಆಯುಧಕ್ಕೆ ಈಗ ಒಳ್ಳೆಯ ಜಾಗ ಎರಡನೇ ಸಾಲು. ಬಾಗಿಲಲ್ಲಿ ಗುರಾಣಿ ಹಿಡಿದ ಗೆಳೆಯ, ಅವನ ಬೆನ್ನ ಹಿಂದೆ ನೀವು. ಓರ್ಕ್ ನಿಮ್ಮನ್ನು ಮುಟ್ಟಲಾರ, ನೀವು ಅವನನ್ನು ಮುಟ್ಟುತ್ತೀರಿ. ಆದರೆ ಮಧ್ಯೆ ಇರುವ ಗೆಳೆಯ ಓರ್ಕ್‌ಗೂ ಅರ್ಧ ಮರೆಯಾಗುತ್ತಾನೆ. ಓರ್ಕ್‌ನ ರಕ್ಷಣೆಗೆ 2 ಅಂಕ ಸೇರುತ್ತದೆ. ಇದನ್ನು ಮರೆಯುವುದು ಸುಲಭ, ಅದರಲ್ಲೂ ಗ್ಲೇವ್ ಹಿಡಿದವರಿಗೆ!

ಒಳಬರುವವನಿಗೆ ಹೊಡೆಯಬೇಕು ಅಂದರೆ 'ಪೋಲ್‌ಆರ್ಮ್ ಮಾಸ್ಟರ್' ಎಂಬ ಪರಿಣತಿ ಬೇಕು. 2014ರ ನಿಯಮದಲ್ಲಿ ಅದಕ್ಕೆ 'ಸೆಂಟಿನೆಲ್' ಎಂಬ ಇನ್ನೊಂದು ಪರಿಣತಿ ಸೇರಿಸಿದರೆ ಏಟು ತಗುಲಿದವನ ನಡಿಗೆ ಅಲ್ಲಿಗೇ ಸೊನ್ನೆಯಾಗುತ್ತಿತ್ತು. ಓರ್ಕ್ ಹತ್ತಡಿಯಲ್ಲಿ ನೆಟ್ಟ ಕಂಬ. ಈ ಜೋಡಿ ಎಷ್ಟು ಜನಪ್ರಿಯವಾಯಿತೆಂದರೆ ಬೇರೆ ಆಯುಧ ಹಿಡಿದವರಿಗೆ ಪೆದ್ದು ಅನ್ನಿಸುವಷ್ಟು. ನಿಜದಲ್ಲಿ ಅದಕ್ಕೂ ತೂತುಗಳಿದ್ದವು. ಇಂಥ ಏಟಿಗೆ ಬೇಕಾದ 'ಪ್ರತಿಕ್ರಿಯೆ' ಒಂದು ಸುತ್ತಿಗೆ ಒಂದೇ, ಹಾಗಾಗಿ ಎರಡನೇ ಓರ್ಕ್ ಆರಾಮಾಗಿ ಬರುತ್ತಾನೆ. ನಿಂತ ಓರ್ಕ್ ಕೂಡ ಸುಮ್ಮನಿರುವುದಿಲ್ಲ, ಅವನ ಹತ್ತಿರ ಎಸೆಯುವ ಭರ್ಜಿ ಇರುತ್ತದೆ.

2019ರ ಎರಡನೇ ಪಾತ್‌ಫೈಂಡರ್ ಹಳೆಯ ಗೇಟನ್ನು ವಾಪಸ್ ತಂದಿತು: ಆಯುಧ ಮುಟ್ಟುವಲ್ಲಿ ಚೌಕ ಬಿಟ್ಟು ನಡೆದರೆ ಏಟು. ಆದರೆ ಮೊದಲ ಹಂತದಲ್ಲೇ ಈ ಹಕ್ಕು ಫೈಟರ್ ಎಂಬ ಯೋಧ ಪಾತ್ರಕ್ಕೆ ಮಾತ್ರ. ಒಂದು ಟರ್ನ್‌ಗೆ ಮೂರೇ ಕ್ರಿಯೆ ಇರುವ ಆ ಆಟದಲ್ಲಿ ಹತ್ತಿರ ಬರಲು ಎದುರಾಳಿ ಒಂದು ಕ್ರಿಯೆ ಕಳೆದುಕೊಳ್ಳುವುದೇ ಅರ್ಧ ಸುಂಕ.

ಡಿ ಅಂಡ್ ಡಿಯ 2024ರ ಪರಿಷ್ಕರಣೆ ಆ ಜನಪ್ರಿಯ ಜೋಡಿಯನ್ನು ಮಾತಿನಲ್ಲೇ ಬಿಡಿಸಿತು. ಒಳಬರುವವನಿಗೆ ಕೊಡುವ ಏಟನ್ನು 'ಅವಕಾಶದ ಏಟು' ಎಂದು ಕರೆಯುವುದನ್ನೇ ಬಿಟ್ಟರು. ಸೆಂಟಿನೆಲ್ ನಿಲ್ಲಿಸುವುದು ಆ ಹೆಸರಿನ ಏಟು ತಿಂದವನನ್ನು. ಬದಲಿಗೆ ಆಯುಧಕ್ಕೊಂದು ಗುಣ ಕೊಟ್ಟರು. ಕೋಲಿನ ತುದಿಗೆ ಕೊಡಲಿ ಇರುವ ಹಾಲ್ಬರ್ಡ್ ಪಕ್ಕದವನಿಗೂ ಬೀಳುತ್ತದೆ. ಗ್ಲೇವ್ ಗುರಿ ತಪ್ಪಿದರೂ ಗೀರುತ್ತದೆ. ಪೈಕ್ ಎಂಬ ಉದ್ದನೆಯ ಈಟಿ ತಗುಲಿದರೆ ಎದುರಾಳಿಯನ್ನು, ಅವನು ತೀರಾ ದೈತ್ಯನಲ್ಲದಿದ್ದರೆ, 10 ಅಡಿ ಹಿಂದಕ್ಕೆ ತಳ್ಳಬಹುದು. ನನಗೆ ಕೇಳಿದರೆ ಪೈಕ್ ಹಿಡಿಯಿರಿ. ಬೆಂಕಿಯೋ ಬಾವಿಯೋ ಇರುವ ಕಡೆ ಬೆನ್ನು ಮಾಡಿ ನಿಂತ ಓರ್ಕ್ ಸಿಕ್ಕರೆ ಇನ್ನೂ ಒಳ್ಳೆಯದು.